ಉಣ್ಣೆಗೆ ಮೈಲಿಗೆಯಿಲ್ಲ

ಹಡಗಿನ ಮೇಲೆ

ವಿಲಾಯಿತಿಗೆ ಹೋಗುವವರು ಏನೇನು ಕಟ್ಟಿಕೊಳ್ಳಬೇಕು ಎಂದು ನಮ್ಮ ಮಂಡಿ ಮೊಹಲ್ಲದವರು ಈಗಲೂ ನನ್ನನ್ನು ಕೇಳುತ್ತಾರೆ. ನಾನು ಹೇಳುವುದು ಇಷ್ಟೆ. ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ನಂಬಬೇಡಿ, ಮೇಣ ಹಾಕಿಸಿ. ಕೈಗೊಂದು ಕೆಲಸ ಇಟ್ಟುಕೊಳ್ಳಿ. ಜಾಡಿಯ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದು ಏಡನ್ ಸಮೀಪಿಸುವ ಹೊತ್ತಿಗೆ. ಅಷ್ಟರಲ್ಲಿ ನಿಂಬೆಕಾಯಿಯ ರಸ ಪೆಟ್ಟಿಗೆಯೊಳಗೆಲ್ಲ ಹರಿದು ಒಳ್ಳೆಯ ಸೀರೆಗಳು ಹಾಳಾಗಿದ್ದವು. ಕೈಕೆಲಸದ ವಿಷಯ ಮಾತ್ರ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನನ್ನ ತಂದೆ ಕುರಿ ಸಾಕಿ, ಕಂಬಳಿ ನೇಯ್ದು, ಹೊರೆ ಹೊತ್ತು ಮೈಸೂರಿನ ಬೀದಿಗಳಲ್ಲಿ ಮಾರುತ್ತಿದ್ದವರು. ಗಂಡ ಬೇಗ ತೀರಿಕೊಂಡ ಮೇಲೆ ನಾನು ಮಿಷನ್ ಶಾಲೆಯ ಉಪಾಧ್ಯಾಯಿನಿಯೊಬ್ಬರಿಂದ ಹೆಣಿಗೆ ಕಲಿತೆ. ಊಟಿಗೆ ಹೋಗುವವರಿಗೆ ಮಫ್ಲರು, ಎಳೆಮಕ್ಕಳಿಗೆ ಕುಲಾವಿ ಹೆಣೆದು ಮಾರುತ್ತಾ ಮಾರುತ್ತಾ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಉಣ್ಣೆಯ ಅಂಗಡಿ ಇಟ್ಟೆ. ಅದೇ ಅಂಗಡಿಯಿಂದ ನನ್ನ ತಮ್ಮ ಸಿದ್ದರಾಜು ಓದಿ, ಬಟ್ಟೆ ಗಿರಣಿಯ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಿ, ಅಲ್ಲೇ ಕೆಲಸಕ್ಕೆ ಸೇರಿದ್ದ. "ಅಕ್ಕ, ನೀನು ಜೀವಮಾನವೆಲ್ಲ ಮಾರಿದ ಉಣ್ಣೆಯ ಊರನ್ನು ಒಂದ್ಸಲ ಕಣ್ಣಲ್ಲಿ ನೋಡ್ಬುಡು" ಎಂದು ಬರೆದು ಅವನೇ ಟಿಕೆಟ್ ಕಳುಹಿಸಿದ.

ಹಡಗಿನ ಮೇಲುಗಡೆ ನನ್ನ ಪಕ್ಕದ ಕುರ್ಚಿಯಲ್ಲಿ ವಯಸ್ಸಾದ ದೊರೆಸಾನಿಯೊಬ್ಬಳು ಹೆಣೆಯುತ್ತಾ ಕೂರುತ್ತಿದ್ದಳು. ಅಂಗಡಿಗೆ ಬರುತ್ತಿದ್ದ ಪರಂಗಿ ಹೆಂಗಸರಿಂದ ಕಲಿತ ನನ್ನ ಹರಕು ಇಂಗ್ಲಿಷಿನಲ್ಲಿ, ಯಾರಿಗೆ ಎಂದು ಕೇಳಿದೆ. ಯಾರಿಗೂ ಅಲ್ಲವಂತೆ. ಊರಿಗೆ ಹೋದ ಮೇಲೆ ಮಾರಿ, ಬಂದ ಹಣವನ್ನು ಕುರುಡು ಮಕ್ಕಳ ಶಾಲೆಗೆ ಕೊಡುವಳಂತೆ. ನನಗೆ ಸೋಜಿಗವಾಯಿತು. ನಮ್ಮಲ್ಲಿ ಧರ್ಮವೆಂದರೆ ಅರವಟ್ಟಿಗೆ ಇಡುತ್ತಾರೆ, ಅನ್ನ ಹಾಕುತ್ತಾರೆ, ಇದ್ದವರು ಛತ್ರ ಕಟ್ಟಿಸುತ್ತಾರೆ. ಬೆರಳು ಸವೆಸಿ ಹೆಣೆದು, ಅದನ್ನು ಅಂಗಡಿಯವಳ ಹಾಗೆ ಕೂತು ಮಾರಿ, ಆಮೇಲೆ ಕೊಡುವ ಈ ಸುತ್ತುಬಳಸಿನ ಧರ್ಮವನ್ನು ನಾನು ಕಂಡಿರಲಿಲ್ಲ. "ನಿಮ್ಮದು ಯಾರಿಗೆ?" ಎಂದು ಅವಳು ತಿರುಗಿ ಕೇಳಿದಳು. "ಯಾರು ದುಡ್ಡು ಕೊಡುತ್ತಾರೋ ಅವರಿಗೆ" ಎಂದೆ.

ಗಿರಣಿಗಳ ಊರು

ಸಿದ್ದರಾಜು ಇದ್ದದ್ದು ಬ್ರಾಡ್‌ಫರ್ಡಿನ ಹತ್ತಿರದ ಒಂದು ಸಣ್ಣ ಊರಿನಲ್ಲಿ. ನಮ್ಮ ಮೈಸೂರಿನಲ್ಲಿ ಸುಣ್ಣ ಹೊಡೆದ ಗೋಡೆ ಮಳೆಗಾಲಕ್ಕೆ ಪಾಚಿ ಕಟ್ಟಿದರೆ ಬೇಸರಪಡುತ್ತೇವೆ. ಅಲ್ಲಿ ಕಲ್ಲಿನ ಮನೆಗಳೆಲ್ಲ ಹೊಗೆ ಕುಡಿದು ಕುಡಿದು ಒಲೆಯ ಹಿಂದಿನ ಗೋಡೆಯ ಹಾಗೆ ಕಪ್ಪಾಗಿದ್ದವು. ಜನ ಕೂಡ ಬೂದಿ ಬಣ್ಣ, ಕಂದು ಬಣ್ಣ ಬಿಟ್ಟು ಬೇರೇನೂ ತೊಡುತ್ತಿರಲಿಲ್ಲ. ನಮ್ಮ ಮಾರ್ಕೆಟ್ಟಿನ ಕುಂಕುಮದ ಸಾಲಿನಿಂದ ಹೋದ ನನಗೆ ಕಣ್ಣನ್ನು ಉಪವಾಸ ಕೆಡವಿದ ಹಾಗಾಗುತ್ತಿತ್ತು.

ತಮ್ಮ ಬಾಡಿಗೆಗಿದ್ದದ್ದು ಮಿಸೆಸ್ ಕ್ರಾಸ್ಲಿ ಎಂಬ ವಿಧವೆಯ ಮನೆಯ ಮೇಲಿನ ಕೋಣೆಯಲ್ಲಿ. ಎಲುಬಿನ ಗಟ್ಟಿ ಹೆಂಗಸು. ಹೆಚ್ಚು ಮಾತಿಲ್ಲ. ಬೆಳಗ್ಗೆ ಎದ್ದವಳೇ ಬಾಗಿಲ ಮುಂದಿನ ಕಲ್ಲನ್ನು ಉಜ್ಜಿ ತೊಳೆದು ಅಂಚಿಗೆ ಬಿಳಿಗಲ್ಲು ತೀಡುತ್ತಿದ್ದಳು. ಒಂದು ದಿನ ನಾನು ಅವಳ ಕೈಯಿಂದ ಆ ಬಿಳಿಗಲ್ಲು ತೆಗೆದುಕೊಂಡು ಒಂದು ಎಳೆ ರಂಗೋಲಿ ಬಿಟ್ಟೆ. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿ, "ಅಕ್ಕಪಕ್ಕದವರು ನನಗೆ ಬುದ್ಧಿ ಕೆಟ್ಟಿದೆ ಅನ್ನುತ್ತಾರೆ" ಎಂದಳು. ಅಳಿಸಲಿಲ್ಲ. ಮಳೆ ಅಳಿಸಿತು.

ಪೇಟೆಗೆ ನಾವಿಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು. ತರಕಾರಿಯವನು ಹೇಳಿದ ಬೆಲೆಗೆ ಅವಳು ತೆಪ್ಪಗೆ ಕೊಡುವುದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ಒಂದು ಎಲೆಕೋಸನ್ನು ಎತ್ತಿ, ಒತ್ತಿ ನೋಡಿ, "ಒಳಗೆ ಟೊಳ್ಳು, ಹೊರಗೆ ಹುಳ" ಎಂದು ಶುರು ಮಾಡಿದೆ. ಅಂಗಡಿಯವನ ಮುಖ ಕೆಂಪಾಯಿತು. ಮಿಸೆಸ್ ಕ್ರಾಸ್ಲಿ ನನ್ನ ತೋಳು ಹಿಡಿದು ಎಳೆದುಕೊಂಡು ಹೊರಟಳು.

ಮನೆಯಲ್ಲಿ ಸಿದ್ದರಾಜು ನಕ್ಕ. "ಇಲ್ಲಿ ಅಂಗೆಲ್ಲ ಕೇಳ್ಬಾರ್ದು ಕಣಕ್ಕ. ನೀನು ಹುಳ ಅಂದ್ರೆ ಅವ್ನು ಅವಮಾನ ಅಂದ್ಕೊತಾನೆ."

"ಅವಮಾನ ಎಂಥದ್ದೋ? ಬೇಡದ ಸರಕಿನಲ್ಲಿ ಯಾರಾದ್ರೂ ತಪ್ಪು ಹುಡುಕ್ತಾರೇನೋ? ಕೊಳ್ಳೋಳೇ ಅಲ್ವ ಕೊಂಕು ತೆಗಿಯೋಳು?"

ಇದು ನಾನು ಎಲ್ಲರಿಗೂ ಹೇಳುವ ಮಾತು. ಗಿರಾಕಿ ನಿಮ್ಮ ಸರಕನ್ನು ಹೊಗಳಿದರೆ ಅವನು ಎದ್ದು ಹೋಗುತ್ತಾನೆಂದು ತಿಳಿಯಿರಿ. ಕೊಂಕು ತೆಗೆದರೆ ಚಾಪೆ ಹಾಸಿ ಕೂರಿಸಿ.

ಬುಧವಾರದ ಹೆಣಿಗೆ

ಬುಧವಾರ ಮಧ್ಯಾಹ್ನ ಊರಿನ ಹೆಂಗಸರು ಪ್ರಾರ್ಥನಾ ಮಂದಿರದ ಪಕ್ಕದ ಹಾಲ್‌ನಲ್ಲಿ ಹೆಣೆಯಲು ಸೇರುತ್ತಿದ್ದರು. ಮಿಸೆಸ್ ಕ್ರಾಸ್ಲಿ ನನ್ನನ್ನೂ ಕರೆದೊಯ್ದಳು. ಕ್ರಿಸ್‌ಮಸ್ಸಿಗೆ ಮುಂಚೆ ಒಂದು ಶನಿವಾರ ಅಲ್ಲಿ ದೊಡ್ಡ ಮಾರಾಟ. ಗಿರಣಿಯ ಹೊಗೆಯಲ್ಲಿ ಬೆಳೆದು ಎದೆ ಕಟ್ಟಿದ ಮಕ್ಕಳನ್ನು ಕೆಲವು ವಾರ ಸಮುದ್ರದ ದಂಡೆಗೆ ಕಳುಹಿಸಿ ಒಳ್ಳೆಯ ಗಾಳಿ ಕುಡಿಸಿ ತರುವುದಕ್ಕೆ ಆ ಹಣ ಹೋಗುತ್ತಿತ್ತು.

ಅಲ್ಲಿನ ರೀತಿಯೇ ವಿಚಿತ್ರ. ಉಣ್ಣೆ ಅವರವರದ್ದೇ. ಹೆಣೆದು ತಂದು ಮೇಜಿನ ಮೇಲಿಡುವುದು. ಆಮೇಲೆ ಇವಳು ಹೆಣೆದದ್ದನ್ನು ಅವಳು, ಅವಳದ್ದನ್ನು ಇವಳು ದುಡ್ಡು ಕೊಟ್ಟು ಕೊಳ್ಳುವುದು. ನನಗೆ ತಡೆಯಲಾಗಲಿಲ್ಲ. "ಉಣ್ಣೆಯ ದುಡ್ಡನ್ನೇ ನೇರ ಡಬ್ಬಿಗೆ ಹಾಕಬಾರದೆ? ಇಷ್ಟು ದುಡಿಮೆಯಾದರೂ ಉಳಿಯುತ್ತದಲ್ಲ" ಎಂದೆ. ಟೀ ಹಂಚುತ್ತಿದ್ದ ಮಿಸೆಸ್ ಬೂತ್ ಎಂಬ ದಪ್ಪ ಹೆಂಗಸು, ಆ ಗುಂಪಿಗೆ ಯಜಮಾನಿಯ ಹಾಗಿದ್ದವಳು, "ಆಗ ಮನೆಯಿಂದ ಹೊರಗೆ ಬರುವವರು ಯಾರು?" ಎಂದಳು. ಸುತ್ತ ನೋಡಿದೆ. ಅರ್ಧಕ್ಕರ್ಧ ವಿಧವೆಯರು, ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡವರು. ಮತ್ತೆ ನಾನು ಲೆಕ್ಕದ ಮಾತೆತ್ತಲಿಲ್ಲ.

ಆ ದಿನ ಮಾರಾಟಕ್ಕೆ ಬಂದ ಸಾಮಾನನ್ನು ಜೋಡಿಸುತ್ತಿದ್ದರು. ಬೂದು ಕಾಲ್ಚೀಲ, ಕಂದು ಕೈಗವಸು, ಮಾಸಲು ನೀಲಿಯ ಶಾಲು. ನಡುವೆ ಮಿಸೆಸ್ ಕ್ರಾಸ್ಲಿ ತನ್ನ ಚೀಲದಿಂದ ಒಂದು ಗಂಡಸರ ಸ್ವೆಟರನ್ನು ತೆಗೆದು ಮೇಜಿನ ಮೇಲಿಟ್ಟು, ತೋಳುಗಳನ್ನು ಮಡಿಸಿದಳು. ನನ್ನ ಕಣ್ಣಿಗೆ ಜೀವ ಬಂತು. ಅರಿಶಿನದ ನೀರಿಗೆ ಸುಣ್ಣ ಬಿದ್ದಾಗ ಕೆಂಪೇರುತ್ತದಲ್ಲ, ಓಕುಳಿಯ ಬಣ್ಣ, ಅದೇ ಬಣ್ಣ! ಉಣ್ಣೆಯೂ ಮೇಲಾದದ್ದು. ಮುಟ್ಟಿದರೆ ಬೆಣ್ಣೆ.

ಸುತ್ತಲಿನ ಹೆಂಗಸರು ತಮ್ಮ ತಮ್ಮ ಹೆಣಿಗೆಯ ಮೇಲೆ ಕಣ್ಣಿಟ್ಟರು. ಮಿಸೆಸ್ ಕ್ರಾಸ್ಲಿ ಕೋಟು ತೂಗುಹಾಕಲು ಆಚೆ ಹೋದಾಗ ಮಿಸೆಸ್ ಬೂತ್ ಆ ಸ್ವೆಟರನ್ನು ಮೆಲ್ಲನೆ ಎತ್ತಿ ಮೂಲೆಯಲ್ಲಿ, ಶಾಲುಗಳ ಹಿಂದೆ ಇಟ್ಟಳು. ಚಿನ್ನದಂಥ ಸರಕನ್ನು ಹಿಂದಕ್ಕೆ ಸರಿಸುವ ವ್ಯಾಪಾರವನ್ನು ನಾನು ಎಲ್ಲೂ ನೋಡಿರಲಿಲ್ಲ.

ಸಂಜೆ ತಮ್ಮನನ್ನು ಕೇಳಿದೆ. ಅವನ ಮುಖ ಸಪ್ಪಗಾಯಿತು.

"ಅದು ಅವ್ರ ಮಗನ್ದು ಅಕ್ಕ. ಹ್ಯಾರಿ ಅಂತ. ಒಬ್ನೇ ಮಗ. ಗಿರಣೀಲಿ ಬಣ್ಣ ಹಾಕೋ ಕೆಲ್ಸ ಮಾಡ್ತಿದ್ನಂತೆ. ಆ ಬಣ್ಣ ಅವ್ನೇ ಕಲಸಿದ್ದು. ಬೇರೆ ಯಾರ ಹತ್ರಾನೂ ಇಲ್ಲ. ಇವ್ರು ಹೆಣೆದುಕೊಟ್ರು. ಅದ್ನ ಹಾಕ್ಕೊಂಡು ಊರೆಲ್ಲ ತಿರುಗೋನಂತೆ. ಆಮೇಲೆ ಅದ್ನ ಮನೇಲೇ ಬಿಟ್ಟು ಯುದ್ಧಕ್ಕೆ ಹೋಗಿ ಹಡಗು ಮುಳುಗಿ ಹೋದ."

"ಮಾರೋಕೆ ಯಾಕಪ್ಪ ಇಟ್ರು?"

"ಯಾರಾದ್ರೂ ಹಾಕ್ಕೊಳ್ಳಲಿ ಅಂತ ಅವ್ರ ಆಸೆ. ಪ್ರತಿ ವರ್ಷ ಇಡ್ತಾರೆ. ಯಾರೂ ತಗಳಲ್ಲ. ತಗಂಡೋರು ಅವ್ರ ಮುಂದೆ ಎಂಗೆ ಹಾಕ್ಕೊಂಡು ಓಡಾಡ್ತಾರೆ, ನೀನೇ ಹೇಳು. ಊರಿಗೆಲ್ಲ ಆ ಬಣ್ಣ ಗೊತ್ತು. ಸಾಯಂಕಾಲ ಅವ್ರೇ ಮಡಿಸಿ ಮನೆಗೆ ತತ್ತಾರೆ. ಅವತ್ತು ಊಟ ಮಾಡಲ್ಲ. ನಾನೇ ನೋಡಿದ್ದೀನಿ."

ಅಂಗಡಿ ಇಟ್ಟವರಿಗೆ ಗೊತ್ತು, ತಿರುಗಿ ಬಂದ ಸರಕಿನ ಭಾರ ಹೊತ್ತುಕೊಂಡು ಹೋದಾಗಿನ ಭಾರಕ್ಕಿಂತ ಹೆಚ್ಚು. ಆದರೆ ಇದು ಸರಕಲ್ಲ.

ಅಡಿಗೆಮನೆಯಲ್ಲಿ

ಮರುದಿನ ಮಿಸೆಸ್ ಕ್ರಾಸ್ಲಿ ಆಲೂಗಡ್ಡೆ ಹೆರೆಯುತ್ತಿದ್ದಾಗ ನಾನು ನೇರವಾಗಿ, ಸ್ವೆಟರನ್ನು ನಾನು ಕೊಳ್ಳುತ್ತೇನೆ ಎಂದೆ. ಅರ್ಥವಾಗದ್ದನ್ನು ಹೇಳಲು ಸಿದ್ದರಾಜು ಪಕ್ಕದಲ್ಲೇ ಕೂತಿದ್ದ.

"ನಿಮ್ಮೂರಿನಲ್ಲಿ ಚಳಿ ಇದೆಯೇ?" ಎಂದಳು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಮಾರ್ಗಶಿರದಲ್ಲಿ ಸ್ವಲ್ಪ" ಎಂದೆ.

"ಯಾರು ಹಾಕಿಕೊಳ್ಳುತ್ತಾರೆ?"

"ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ."

"ಇಡುವುದಕ್ಕೆ ನನ್ನ ಬೀರುವೇ ಇದೆ" ಎಂದು ಅವಳು ಮತ್ತೆ ಆಲೂಗಡ್ಡೆಗೆ ಕೈ ಹಾಕಿದಳು.

ನಾನು ಬಿಡಲಿಲ್ಲ. ಯಾರೂ ಯಾಕೆ ಕೊಳ್ಳುವುದಿಲ್ಲವೆಂದು ನನಗೆ ಗೊತ್ತು, ಸತ್ತವನದ್ದು ಎಂದು ತಾನೆ? ಉಣ್ಣೆಗೆ ಮೈಲಿಗೆಯಿಲ್ಲ, ಅದನ್ನು ಬಿಚ್ಚಿ ಬೇರೇನಾದರೂ ಹೆಣೆಯಿರಿ ಎಂದು ಹೇಳಬೇಕಿತ್ತು. ಮೈಲಿಗೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನನಗೇನು ಗೊತ್ತು! ತಮ್ಮ ಬಾಯಿ ತೆರೆಯುವ ಮೊದಲೇ, "ಉಣ್ಣೆ ಕೊಳೆಯಲ್ಲ, ನಿಮ್ಮ ಮಗನ ಸ್ವೆಟರ್ ಕೊಳೆಯಲ್ಲ" ಎಂಬರ್ಥ ಬರುವ ಹಾಗೆ ಏನೋ ಹೇಳಿಬಿಟ್ಟೆ.

ಅವಳು ಚಾಕು ಕೆಳಗಿಟ್ಟಳು. "ಕೊಳೆ ಎಂದು ಯಾರು ಹೇಳಿದರು? ಪ್ರತಿ ವಸಂತದಲ್ಲೂ ನನ್ನ ಕೈಯಾರೆ ಒಗೆದಿದ್ದೇನೆ."

ದಿನವೂ ಬಾಗಿಲ ಕಲ್ಲು ಉಜ್ಜುವ ಹೆಂಗಸಿಗೆ ಕೊಳೆಯ ಮಾತಾಡಿದ್ದೆ! "ಅಕ್ಕ, ಬಾಯಿ ಮುಚ್ಕೊ, ನಾನ್ ಹೇಳ್ತೀನಿ" ಎಂದ ಸಿದ್ದರಾಜು. ಅವನಿಗೂ ಆ ಪದ ಸಿಗಲಿಲ್ಲ. ತಡವರಿಸಿದ. ಉಣ್ಣೆಗೆ ಮೈಲಿಗೆ ಹೇಗಿಲ್ಲ, ಸ್ವೆಟರನ್ನು ಯಾಕೆ ಬಿಚ್ಚಿ ಹೆಣೆಯಬಹುದು ಎಂದು ಕೊನೆಗೆ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಅವನು ಇಂಗ್ಲಿಷಿಗೆ ತಿರುಗಿಸುತ್ತಾ ಹೋದ.

ನಮ್ಮಲ್ಲಿ ಸಾವಾದ ಮನೆಯಲ್ಲಿ ಹತ್ತಿಯ ಬಟ್ಟೆಗೆ ಮೈಲಿಗೆ, ಮಡಕೆಗೆ ಮೈಲಿಗೆ, ಮನುಷ್ಯರಿಗೂ ಮೈಲಿಗೆ. ಉಣ್ಣೆಗೆ ಇಲ್ಲ. ನಮ್ಮ ತಂದೆ ಕಂಬಳಿ ಹೊತ್ತು ಅಗ್ರಹಾರಕ್ಕೆ ಹೋದರೆ ಅವರನ್ನು ಜಗಲಿಯ ಕೆಳಗೇ ನಿಲ್ಲಿಸುತ್ತಿದ್ದರು. ಅವರು ನೇಯ್ದ ಕಂಬಳಿ ಮಾತ್ರ ಮಡಿಯೆಂದು ದೇವರ ಮನೆಯ ತನಕ ಹೋಗುತ್ತಿತ್ತು. ಆ ನೋವು ಬೇರೆ, ಅದನ್ನು ಇಲ್ಲಿ ಬಿಡೋಣ. ಉಣ್ಣೆ ಎಲ್ಲವನ್ನೂ ದಾಟುತ್ತದೆ ಎಂಬುದು ಮಾತ್ರ ನಿಜ. ನನ್ನ ಗಂಡ ತೀರಿಕೊಂಡಾಗ ಅವರ ಪಂಚೆ, ಅಂಗಿ, ರುಮಾಲು ಎಲ್ಲ ಮನೆಯಿಂದ ಆಚೆ ಹೋದವು. ಕಂಬಳಿ ಉಳಿಯಿತು.

"ಅದನ್ನೇನು ಮಾಡಿದಿರಿ?" ಎಂದಳು ಮಿಸೆಸ್ ಕ್ರಾಸ್ಲಿ.

ನಾನು ತಮ್ಮನ ಕಡೆ ಕೈ ತೋರಿಸಿದೆ. "ಇವನಿಗೆ ಹೊದಿಸಿದೆ. ಅದನ್ನು ಹೊದ್ದುಕೊಂಡೇ ಇವನು ಇಷ್ಟೆತ್ತರ ಬೆಳೆದ."

ಸಿದ್ದರಾಜು ಇದನ್ನು ಇಂಗ್ಲಿಷಿಗೆ ತಿರುಗಿಸಲು ಬಹಳ ಹೊತ್ತು ತೆಗೆದುಕೊಂಡ. ಮಿಸೆಸ್ ಕ್ರಾಸ್ಲಿ ಅವನನ್ನೇ ನೋಡಿದಳು, ತನ್ನ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದವನನ್ನು ಮೊದಲ ಸಲ ಕಂಡವಳ ಹಾಗೆ. ಆಮೇಲೆ ಕೈ ಒರೆಸಿಕೊಂಡು ಕೋಟು ಹಾಕಿಕೊಂಡು ಹೊರಗೆ ಹೋದಳು. ಹಾಲ್‌ನಿಂದ ಸ್ವೆಟರನ್ನು ವಾಪಸು ತಂದು ಮೇಜಿನ ಮೇಲಿಟ್ಟು, ಸಣ್ಣ ಕತ್ತರಿಯನ್ನು ನನ್ನ ಕಡೆ ನೂಕಿದಳು.

"ನಾನು ಮುಟ್ಟುವುದಿಲ್ಲ. ನೀವೇ" ಎಂದೆ.

ಅವಳು ಹೊಲಿಗೆಯನ್ನು ನೇರವಾಗಿ ಕತ್ತರಿಸಿದಳು. ಎಳೆಯ ತುದಿ ಸಿಕ್ಕಿ, ಮೊದಲ ಸಾಲು ಚರಚರನೆ ಬಿಚ್ಚಿಕೊಂಡಾಗ ಮಾತ್ರ ಒಮ್ಮೆ ಕಣ್ಣು ಮುಚ್ಚಿದಳು. ನಾನು ಎರಡು ಕೈ ಚಾಚಿ ಕೂತೆ. ಅವಳು ಎಳೆದಳು, ನನ್ನ ಕೈಗಳಿಗೆ ನೂಲು ಸುತ್ತಿದಳು. ಒಂದು ತೋಳು ಹೋಯಿತು, ಇನ್ನೊಂದು ತೋಳು ಹೋಯಿತು. ಎದೆಯ ಭಾಗಕ್ಕೆ ಬಂದಾಗ ಅವಳು, "ಇಲ್ಲಿ ಒಂದು ಸಾಲು ತಪ್ಪಿದ್ದೆ. ಅವನು ಬಿಚ್ಚಬೇಡ ಅಂದ, ಅವಸರ ಅವನಿಗೆ" ಎಂದಳು. ಆ ತಪ್ಪೂ ಬಿಚ್ಚಿಕೊಂಡಿತು.

ಬಿಚ್ಚಿದ ನೂಲು ಗುಂಗುರು ಕೂದಲಿನ ಹಾಗೆ ಸುರುಳಿ ಸುರುಳಿಯಾಗಿರುತ್ತದೆ. ಹಾಗೇ ಹೆಣೆಯಬೇಡಿ, ಕೆಲಸ ಕೆಡುತ್ತದೆ. ಉದ್ದಕ್ಕೆ ಸುತ್ತಿ ಲಡಿ ಕಟ್ಟಿ, ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ, ತುದಿಗೆ ಭಾರ ಕಟ್ಟಿ ಒಣಗಿಸಬೇಕು. ಅದ್ದಿದಾಗ ನಾನು ನೀರನ್ನೇ ನೋಡುತ್ತಿದ್ದೆ. ಒಂದು ಹನಿ ಬಣ್ಣ ಬಿಡಲಿಲ್ಲ. ಆ ಹುಡುಗ ಕೆಲಸಗಾರ.

ಮಕ್ಕಳ ಕುಲಾವಿ ಹೆಣೆಯೋಣ ಎಂದದ್ದು ನಾನು. ನಮ್ಮ ಕಡೆಯ ಕುಲಾವಿ, ತಲೆಗೆ ಒತ್ತಿ ಕೂತು ಗದ್ದದ ಕೆಳಗೆ ಕಟ್ಟುವಂಥದ್ದು. ಅವಳು ಅದನ್ನು ಕಂಡಿರಲಿಲ್ಲ, ಒಂದನ್ನು ನೋಡಿ ಕಲಿತಳು. ಭಾನುವಾರ ಮಾತ್ರ ಹೆಣಿಗೆಯ ಕಡ್ಡಿ ಮುಟ್ಟಗೊಡಲಿಲ್ಲ, ದೇವರ ದಿನವಂತೆ. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಹೂಡುವುದಿಲ್ಲವಲ್ಲ, ಹಾಗೆ ಎಂದುಕೊಂಡು ಸುಮ್ಮನಾದೆ.

ಶನಿವಾರದ ಮಾರಾಟ

ಮಾರಾಟದ ದಿನ ಹಾಲ್ ಕಿಕ್ಕಿರಿದಿತ್ತು. ಮಿಸೆಸ್ ಕ್ರಾಸ್ಲಿ ತನ್ನ ಮೇಜಿನ ಮೇಲೆ ಕುಲಾವಿಗಳನ್ನು ಸಾಲಾಗಿ ಜೋಡಿಸಿ ಹಿಂದೆ ನಿಂತಳು. ನಾನೊಂದು ವಿಷಯ ಮರೆತಿದ್ದೆ. ಸ್ವೆಟರಿನ ಆಕಾರ ಹೋಗಿತ್ತು, ಬಣ್ಣ ಎಲ್ಲಿ ಹೋಗುತ್ತದೆ? ಬಾಗಿಲಲ್ಲಿ ಕಾಲಿಟ್ಟವರಿಗೆಲ್ಲ ಅದು ಹ್ಯಾರಿಯ ಉಣ್ಣೆಯೆಂದು ತಿಳಿಯಿತು. ಹತ್ತಿರ ಬರುತ್ತಿದ್ದರು, ನೋಡುತ್ತಿದ್ದರು, ಕಣ್ಣು ತಗ್ಗಿಸಿ ಪಕ್ಕದ ಮೇಜಿಗೆ ಹೋಗುತ್ತಿದ್ದರು. ಕೇಕು ಖರ್ಚಾಯಿತು, ಕಾಲ್ಚೀಲ ಖರ್ಚಾಯಿತು. ಇವಳ ಮುಂದೆ ಮಾತ್ರ ಯಾರೂ ನಿಲ್ಲಲಿಲ್ಲ.

ಸ್ವೆಟರು ತಿರುಗಿ ಬಂದಿದ್ದರೆ ಮಡಿಸಿಡಲು ಸ್ವೆಟರಾದರೂ ಇರುತ್ತಿತ್ತು. ನನ್ನ ಮಾತು ಕೇಳಿ ಅದನ್ನೂ ಬಿಚ್ಚಿದ್ದಳು. ಅವಳ ಕೈ ಮೆಲ್ಲನೆ ಮೊದಲ ಕುಲಾವಿಯ ಮೇಲೆ ಹೋಯಿತು, ಎತ್ತಿ ಚೀಲಕ್ಕೆ ಹಾಕುವವಳ ಹಾಗೆ.

ನಾನು ಮೇಜು ಬಳಸಿ ಗಿರಾಕಿಯ ಕಡೆ ಬಂದು ನಿಂತೆ. ಆ ಕುಲಾವಿಯನ್ನು ಅವಳ ಕೈಯಿಂದ ಕಿತ್ತುಕೊಂಡೆ.

"ಇದಕ್ಕೆ ಎಷ್ಟು?" ಎಂದು ನಮ್ಮ ಮಾರ್ಕೆಟ್ಟಿನ ಗಂಟಲಲ್ಲಿ ಕೇಳಿದೆ. ಅವಳು ಬೆಪ್ಪಾಗಿ ಬೆಲೆ ಹೇಳಿದಳು.

"ಅಷ್ಟೊಂದೇ! ಇದಕ್ಕೇ?" ಹಾಲ್‌ನಲ್ಲಿದ್ದವರೆಲ್ಲ ತಿರುಗಿದರು. ಕುಲಾವಿಯನ್ನು ಎಳೆದೆ, ತಿರುಗಿಸಿದೆ, ಬೆಳಕಿಗೆ ಹಿಡಿದೆ. "ಹಳೇ ಉಣ್ಣೆ. ಬಣ್ಣ ನಿಲ್ಲುವುದಿಲ್ಲ. ಒಂದು ಮಳೆಗೆ ಮಗುವಿನ ಮುಖವೆಲ್ಲ ಕೆಂಪು!"

ಬೇರೆ ಯಾವುದರಲ್ಲಿ ಕೊಂಕು ತೆಗೆದಿದ್ದರೂ ಅವಳು ಸುಮ್ಮನಿರುತ್ತಿದ್ದಳೇನೋ. ನಾನು ಬಣ್ಣದಲ್ಲೇ ತೆಗೆದೆ.

ಮಿಸೆಸ್ ಕ್ರಾಸ್ಲಿಯ ಮುಖಕ್ಕೆ ರಕ್ತ ನುಗ್ಗಿತು. "ನಿಲ್ಲುವುದಿಲ್ಲವೇ? ಇದು ನನ್ನ ಹ್ಯಾರಿ ಹಾಕಿದ ಬಣ್ಣ! ಇಷ್ಟು ವರ್ಷ ಒಗೆದಿದ್ದೇನೆ, ಒಂದು ಹನಿ ಬಿಟ್ಟಿದ್ದರೆ ಕೇಳಿ. ನನ್ನ ಹ್ಯಾರಿ ಹಾಕಿದ ಬಣ್ಣ ಹೋಗುವುದಿಲ್ಲ!"

ಮಗ ಹೋದ ಮೇಲೆ ಆ ಹಾಲ್‌ನಲ್ಲಿ ಅವಳ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲೆಂದು ಆಮೇಲೆ ತಮ್ಮ ಹೇಳಿದ. ಅವಳಿಗೆ ನೋವಾದೀತೆಂದು ಊರವರು ಆ ಹೆಸರು ಆಡುತ್ತಿರಲಿಲ್ಲ. ಅವರಿಗೆ ಕಸಿವಿಸಿಯಾದೀತೆಂದು ಅವಳು ಆಡುತ್ತಿರಲಿಲ್ಲ.

ಹಿಂದಿನಿಂದ ಮುದುಕನೊಬ್ಬ ಬಂದ. ಗಿರಣಿಯಲ್ಲಿ ಬಣ್ಣದ ತೊಟ್ಟಿ ನೋಡಿಕೊಳ್ಳುತ್ತಿದ್ದವನಂತೆ. "ನಿಜ. ಈ ಬಣ್ಣ ಕಲಸಿದ ದಿನ ನಾನು ಅವನಿಗೆ ಬೈದಿದ್ದೆ, ಸಾಮಾನು ದಂಡ ಮಾಡಿದೆ ಅಂತ. ಅವನು ನಕ್ಕ. ನಕ್ಕರೆ ಬೈಯುವುದಕ್ಕೇ ಆಗುತ್ತಿರಲಿಲ್ಲ" ಎಂದು ಒಂದು ಕುಲಾವಿ ಎತ್ತಿಕೊಂಡ. "ಮೊಮ್ಮಗಳಿಗೆ."

"ನಮ್ಮನೆ ಬೇಲಿ ಹಾರಿ ಸೇಬು ಕದಿಯುತ್ತಿದ್ದ, ಇದನ್ನು ಹಾಕಿಕೊಂಡೇ. ಈ ಬಣ್ಣದಲ್ಲಿ ಬಚ್ಚಿಟ್ಟುಕೊಳ್ಳೋಕೆ ಆಗುತ್ತದೆಯೇ?" ಎಂದಳು ಮಿಸೆಸ್ ಬೂತ್. ಯಾರೋ ನಕ್ಕರು. ಮಿಸೆಸ್ ಬೂತ್ ಅಳುತ್ತಲೇ ಇನ್ನೊಂದನ್ನು ಎತ್ತಿಕೊಂಡಳು.

ಒಬ್ಬೊಬ್ಬರಾಗಿ ಬಂದರು. ಬಂದವರೆಲ್ಲ ಒಂದೊಂದು ಮಾತು ಹೇಳಿದರು. ಮಿಸೆಸ್ ಕ್ರಾಸ್ಲಿ ಕೇಳುತ್ತಾ ನಿಂತಳು, ಕೆಲವು ಅವಳಿಗೂ ಗೊತ್ತಿರದ ಸಂಗತಿಗಳು. ಕೊನೆಗೆ ನನ್ನ ಕೈಯಲ್ಲಿದ್ದದ್ದು ಒಂದೇ ಉಳಿಯಿತು. ನಾನೇ ಕೊಳ್ಳೋಣವೆಂದು ಸೊಂಟದ ಚೀಲಕ್ಕೆ ಕೈ ಹಾಕಿದೆ.

"ನಿಮಗಿಲ್ಲ. ನೀವು ಜೋಪಾನವಾಗಿ ಇಡುತ್ತೀರಿ" ಎಂದು ಮಿಸೆಸ್ ಕ್ರಾಸ್ಲಿ ಅದನ್ನು ಕಿತ್ತುಕೊಂಡು, ಕಂಕುಳಲ್ಲಿ ಕೂಸು ಎತ್ತಿಕೊಂಡು ನಿಂತಿದ್ದ ಒಬ್ಬ ಬಡ ಹೆಂಗಸಿಗೆ ಮಾರಿದಳು. ಬೆಲೆ ಕಡಿಮೆ ಮಾಡಿದಳು ಕೂಡ.

ಸೋಮವಾರ

ಸೋಮವಾರ ಬೆಳಗ್ಗೆ ಬಾಗಿಲು ತೆಗೆದರೆ ಹಿಮ ಬಿದ್ದಿತ್ತು. ನಾನು ಹಿಮ ಕಂಡದ್ದು ಅದೇ ಮೊದಲು. ಎರಡು ಹೆಜ್ಜೆಗೆ ಜಾರಿ ಕೂತೆ. ಮಿಸೆಸ್ ಕ್ರಾಸ್ಲಿ ಎಬ್ಬಿಸಿದಳು. ತೋಳಿಗೆ ತೋಳು ಕೊಟ್ಟುಕೊಂಡು ರೊಟ್ಟಿ ಅಂಗಡಿಯ ಕಡೆ ಹೊರಟೆವು.

ಮನೆಗಳು ಕಪ್ಪು, ದಾರಿ ಬಿಳುಪು. ಮಕ್ಕಳು ಶಾಲೆಗೆ ಹೋಗುವ ಹೊತ್ತು. ಬೀದಿಯ ಆ ತುದಿಯಲ್ಲಿ ಒಂದು ಕೆಂಪು ಚುಕ್ಕೆ ಕಾಣಿಸಿತು. ಮಿಸೆಸ್ ಕ್ರಾಸ್ಲಿಯ ತೋಳು ನನ್ನ ತೋಳನ್ನು ಬಿಗಿದು ಹಿಡಿಯಿತು. ಆ ಬಣ್ಣ ಆ ಬೀದಿಯಲ್ಲಿ ಅವಳ ಎದುರಿಗೆ ನಡೆದು ಬಂದು ಎಷ್ಟು ವರ್ಷವಾಗಿತ್ತೋ. ನಾನು ಮಾಡಿಸಿದ್ದು ಸರಿಯೋ ತಪ್ಪೋ ಎಂದು ನನಗೆ ಆಗ ಭಯವಾಯಿತು. ಮನೆಗೆ ತಿರುಗೋಣವೇ ಎಂದು ಕೇಳಿದೆ. ಅವಳು ಬೇಡವೆಂದು ತಲೆಯಾಡಿಸಿ ಮುಂದೆ ನಡೆದಳು.

ಪುಟ್ಟ ಹುಡುಗಿ. ಆ ಮುದುಕನ ಮೊಮ್ಮಗಳೇ ಇರಬೇಕು. ಕುಲಾವಿಯ ದಾರ ಕಟ್ಟದೆ, ಹಣೆಯ ಮೇಲಕ್ಕೆ ಸರಿಸಿಕೊಂಡು, ಮೂಗು ಸುರಿಸುತ್ತಾ ಹಿಮ ಒದೆಯುತ್ತಾ ಬರುತ್ತಿದ್ದಳು. ನಮ್ಮ ಮುಂದೆ ಬಂದು ನಿಂತು ನನ್ನ ಸೀರೆಯನ್ನು ಬಾಯಿ ಬಿಟ್ಟು ನೋಡಿದಳು.

ಮಿಸೆಸ್ ಕ್ರಾಸ್ಲಿ ಕೈಗವಸು ಕಳಚಿ ಬಗ್ಗಿದಳು. ಕುಲಾವಿಯನ್ನು ಎರಡೂ ಕೈಯಿಂದ ಹಿಡಿದು ಕಿವಿ ಮುಚ್ಚುವ ಹಾಗೆ ಕೆಳಕ್ಕೆ ಎಳೆದಳು, ಗದ್ದದ ಕೆಳಗೆ ಗಂಟು ಹಾಕಿದಳು. ಎಲ್ಲ ತಾಯಂದಿರೂ ಗದರುವ ದನಿಯಲ್ಲಿ ಏನೋ ಗದರಿದಳು. ಅವರ ಕಡೆಯ ಆಡುಮಾತು, ನನಗೆ ತಿಳಿಯಲಿಲ್ಲ. ತಿಳಿಯದೆಯೂ ಇರಲಿಲ್ಲ.

ಹುಡುಗಿ ಓಡಿದಳು. ನಾವು ರೊಟ್ಟಿ ತರಲು ಹೋದೆವು.